ಅಂಚಿನ ಮೇಲಿನ ಬಿಳಿ ಗೆರೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಗಡಹಿಂಗ್ಲಜದ ಬಸ್ಸು ಹಿಡಿಯಬೇಕಿದ್ದುದರಿಂದ ಆಗಷ್ಟೇ ಗಡಿಯಾರ ನೋಡಿದ್ದೆ. ದಸರೆಯ ಮರುದಿನ. ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ ಅಣ್ಣನ ಸಾಣೆ ಅಂಗಡಿ ಇದೆ. ಮಗ್ಗದವರ ಕತ್ತರಿ, ಕುರುಬರ ಉಣ್ಣೆ ಕತ್ತರಿ, ಕಬ್ಬು ಕಡಿಯುವ ಕೊಯ್ತಾ, ಎಲ್ಲವೂ ಅಲ್ಲಿಗೇ ಬರುತ್ತವೆ. ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಮರುದಿನದ ಪಾಠ ತಿರುವುತ್ತಿದ್ದೆ. ಅದರಲ್ಲಿ ‘ಹೋನ್’ ಎಂಬ ಪದವಿತ್ತು. ಹರಿತ ಮಾಡು, ಕೈಗೆ ಬಂದ ವಿದ್ಯೆಯನ್ನು ತೀಡಿ ತಿದ್ದಿಕೋ ಎಂದು ಅರ್ಥ.

ಅಣ್ಣ ಸಾಣೆ ಯಂತ್ರದ ಸ್ವಿಚ್ ಒತ್ತಿದ. ಅದರ ಕಲ್ಲಿನ ಚಕ್ರದ ಸದ್ದು ಎಂದಿನಂತಿರಲಿಲ್ಲ.

“ಏನ್ರಿ, ನಡಗಾಕತ್ತೈತಲ್ಲ ಇದು,” ಎಂದರು ಅಣ್ಣನ ಹೆಂಡತಿ, ನಮ್ಮ ವೈನಿ.

“ಹೊಸಾ ಬಣ್ಣ ಹಚ್ಚೇವಲ್ಲ, ನಾಚಾಕತ್ತೈತಿ,” ಎಂದು ಅಣ್ಣ ನಕ್ಕ.

ಚಕ್ರ ಸಿಡಿಯಿತು. ಒಂದು ಚೂರು ಗೋಡೆಗೆ ಬಡಿಯಿತು, ಇನ್ನೊಂದು ಅಣ್ಣನ ಬಲಗಣ್ಣಿಗೆ. ಬಣ್ಣ ಒಣಗಲೆಂದು ಚಕ್ರದ ಕಬ್ಬಿಣದ ಕವಚ ಬಿಚ್ಚಿಟ್ಟಿದ್ದರು. ಕನ್ನಡಕ ಹಣೆಯ ಮೇಲಿತ್ತು. ವೈನಿ ಸೆರಗಿನಿಂದ ಒತ್ತಿ ಹಿಡಿದರು, ನಾನು ರಿಕ್ಷಾ ಕೂಗಿದೆ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು, ಪಟ್ಟಿ ಬಿಚ್ಚುವವರೆಗೆ ದೃಷ್ಟಿಯ ಬಗ್ಗೆ ಏನೂ ಹೇಳಲಾರೆ ಎಂದರು.

ಅಣ್ಣನಿಗೆ ಕಣ್ಣೇ ಕಸುಬು. ಮೊಂಡಾದ ಅಂಚನ್ನು ಬೆಳಕಿಗೆ ಹಿಡಿದರೆ ಅದರ ಉದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ ಹೊಳೆಯುತ್ತದೆ. ಹರಿತವಾದ ಅಂಚು ಹೊಳೆಯುವುದಿಲ್ಲ. ಆ ಗೆರೆ ಕಾಣದವನು ಎಲ್ಲಿ ತೀಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅರಿಯಲಾರ. ಅಣ್ಣ ಯಾವಾಗಲೂ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದಲೇ ನೋಡುತ್ತಿದ್ದ.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಅದೇ ನಡುಗುವ ಸದ್ದು, ಅದೇ ನಗು. ಕಾಲೇಜಿನಲ್ಲಿ ಫ್ಯಾನು ಗಡಗಡ ಎಂದರೆ ಪಾಠ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದೆ. ಹೀಗೇ ಹೆದರಿಕೊಂಡು ಕೂರಬಾರದು, ಏಕೆ ಸಿಡಿಯಿತೆಂದು ತಿಳಿಯಲೇಬೇಕು ಎಂದು ಗಟ್ಟಿ ಮಾಡಿಕೊಂಡೆ.

ಉತ್ತರ ಆಮೇಲೆ ತಂದ ಹೊಸ ಚಕ್ರದ ಮೇಲೆ ಅಂಟಿಸಿದ ಕಾಗದದಲ್ಲೇ ಇತ್ತು: ಒಣ ಜಾಗದಲ್ಲಿಡಿ. ದಸರೆಯ ಹಿಂದಿನ ದಿನ, ಖಂಡೇನವಮಿಗೆ, ನಮ್ಮಲ್ಲಿ ಆಯುಧಗಳನ್ನೆಲ್ಲ ತೊಳೆದು ಪೂಜಿಸುತ್ತೇವೆ. ಅಪ್ಪನ ಕಾಲದ ಸಾಣೆಕಲ್ಲು ಆ ದಿನ ಬಕೆಟ್ಟಿನ ನೀರಿನಲ್ಲಿ ಮಲಗಬೇಕು. ನೀರು ಕುಡಿದಷ್ಟೂ ಅದು ಚೆನ್ನಾಗಿ ಮಸೆಯುತ್ತದೆ. ಚಕ್ರ ಪ್ರತಿವರ್ಷ ಯಂತ್ರದ ಮೇಲೇ ಇದ್ದು ಕುಂಕುಮವಷ್ಟೇ ಹಚ್ಚಿಸಿಕೊಳ್ಳುತ್ತಿತ್ತು. ಈ ಸಲ ಯಂತ್ರಕ್ಕೆ ಬಣ್ಣ ಹಚ್ಚಲೆಂದು ಚಕ್ರ ಬಿಚ್ಚಿದ ಅಣ್ಣ ಅದನ್ನೂ ಭಕ್ತಿಯಿಂದ ಅದೇ ಬಕೆಟ್ಟಿಗೆ ಹಾಕಿದ್ದ. ಅರ್ಧ ಮುಳುಗಿದ ಚಕ್ರ ಒಂದೇ ಬದಿಯಲ್ಲಿ ನೀರು ಕುಡಿದು ಭಾರವಾಗಿತ್ತು. ವೇಗ ಹಿಡಿದಾಗ ಆ ಭಾರವೇ ಅದನ್ನು ಸೀಳಿರಬೇಕು.

ಇದನ್ನು ಅಣ್ಣನಿಗೆ ಹೇಳಿದೆ. “ಕಲ್ಲು ಕಲ್ಲೇ ಅಂತ ತಿಳಕೊಂಡಿದ್ನಿ,” ಎಂದ.

ಅವನ ಮಾತು ತಿರುಗಿಸಲು ನಾನು ಮೊಬೈಲಿನಲ್ಲಿ ‘ಹೋನ್’ ಪದದ ಮೂಲ ಹುಡುಕಿದೆ. ಇಂಗ್ಲಿಷಿನಲ್ಲಿ ಅದು ಮೊದಲು ಕ್ರಿಯೆಯಲ್ಲ, ವಸ್ತು. ಹಳೆಯ ಇಂಗ್ಲಿಷಿನಲ್ಲಿ ಕಲ್ಲು, ಹೊಲದ ಗಡಿಗೆ ನೆಟ್ಟ ಕಲ್ಲು ಎಂದಿತ್ತು. ಆಮೇಲೆ ಸಾಣೆಕಲ್ಲಾಯಿತು, ಶತಮಾನಗಳು ಕಳೆದ ಮೇಲೆ ಅದರಿಂದ ಮಾಡುವ ಕೆಲಸಕ್ಕೂ ಅದೇ ಹೆಸರಾಯಿತು. ಇನ್ನೂ ಹಿಂದೆ ಹೋದರೆ ಸಂಸ್ಕೃತದ ‘ಶಾಣ’ವೂ ಅದೇ ಬೇರಿನದೆಂದು ಬಲ್ಲವರು ಹೇಳುತ್ತಾರೆ. ಆ ಶಾಣವೇ ನಮ್ಮ ಸಾಣೆ.

“ಅಂದ್ರ ನಮ್ಮ ಅಪ್ಪ ಇಂಗ್ಲಿಷ್ ಮಂದಿಗೆ ಬೀಗರು ಆಗಬೇಕಲ್ಲ?” ಎಂದ ಅಣ್ಣ.

“ಹೌದು, ದೂರದ ಬೀಗರು.”

“ಕೊಲ್ಹಾಪುರದಾಗ ಇಂಜಿನ್ ಮಿಸ್ತ್ರಿಗಳು ಹೋನಿಂಗ್ ಅಂತಾರ. ಸಿಲಿಂಡರ್ ಒಳಗ ಸಣ್ಣ ಕಲ್ಲು ತಿರಗಸ್ತಾರ, ನುಣುಪು ಬರಲಿ ಅಂತ. ಅದನ್ನೂ ನಿನ್ನ ಹುಡುಗೂರಿಗೆ ಹೇಳು ತಂಗಿ. ಬರೇ ಕೌಶಲ ಕೌಶಲ ಅನಬ್ಯಾಡ.”

“ಒಂದ ಕಣ್ಣಾಗ ಇಷ್ಟ ಮಾತು. ಎರಡೂ ತೆರದ್ರ ಹೆಂಗರೀ?” ಎಂದು ವೈನಿ ಕಿಚಾಯಿಸಿದರು. ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಪಟ್ಟಿ ಬಿಚ್ಚಿದಾಗ ಎಲ್ಲ ಮಂಜಾಗಿತ್ತು. ದಿನ ಕಳೆದಂತೆ ತಿಳಿಯಾಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ರಜೆ ಸಿಕ್ಕಾಗಲೆಲ್ಲ ನಾನು ಕಬನೂರಿಗೆ ಹೋದೆ. ಮನೆಯಲ್ಲಿ ಕೂತು ಸದ್ದಿಗೆ ಹೆದರುವುದಕ್ಕಿಂತ ಅಂಗಡಿಯಲ್ಲೇ ಕೂರುವುದು ಮೇಲು ಅನಿಸಿತ್ತು. ಹೊಸ ಚಕ್ರವನ್ನು ಬೆರಳಿಗೆ ತೂಗಿಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟುವುದನ್ನು ನಾವು ಮೂವರೂ ಕಲಿತೆವು. ಗಟ್ಟಿಯಾಗಿದ್ದರೆ ಠಣ್ ಎನ್ನುತ್ತದೆ, ಬಿರುಕಿದ್ದರೆ ಮಂಕು ಸದ್ದು. ಕವಚ ಹಾಕದೆ ಸ್ವಿಚ್ ಮುಟ್ಟಗೊಡುವುದಿಲ್ಲವೆಂದು ವೈನಿ ಶಪಥ ಮಾಡಿದರು.

ದೀಪಾವಳಿ ಪಾಡ್ಯದ ದಿನ ಕಾಗಲದ ಕಡೆಯಿಂದ ಕಬ್ಬು ಕಡಿಯುವವನೊಬ್ಬ ಕೊಯ್ತಾ ತಂದ. “ಇವತ್ತ ಬ್ಯಾಡ್ರಿ,” ಎಂದರು ವೈನಿ. ಅಣ್ಣ ಕೇಳಲಿಲ್ಲ. ಬಾಗಿಲಿಗೆ ಹೋಗಿ ಕೊಯ್ತಾವನ್ನು ಬಿಸಿಲಿಗೆ ಹಿಡಿದ. ಎಡಗಣ್ಣು ಮುಚ್ಚಿದ. ಗಾಯವಾಗಿದ್ದ ಬಲಗಣ್ಣಿನಿಂದಲೇ ಅಂಚಿನುದ್ದಕ್ಕೂ ನೋಡಿದ.

“ತುದೀಗೆ ಐತಿ,” ಎಂದ. “ನಡುವ ಇಲ್ಲ. ಮತ್ತ ಹಿಡಿ ಹತ್ರ ಐತಿ.”

ನಾನು ಹತ್ತಿರ ಹೋಗಿ ನೋಡಿದೆ. ತುದಿಯಲ್ಲಿ ಮತ್ತು ಹಿಡಿಯ ಹತ್ತಿರ, ಎಳೆಯಂಥ ಬಿಳಿ ಗೆರೆ. ನಡುವೆ ಇರಲಿಲ್ಲ.

ಅಣ್ಣ ಯಂತ್ರದ ಕಡೆ ಹೋಗದೆ ಅಪ್ಪನ ಕಲ್ಲನ್ನು ನೀರಿನಿಂದೆತ್ತಿ, ಆ ಗೆರೆ ಅಳಿಯುವವರೆಗೆ ಮಸೆದ. ನಾನು ಪಕ್ಕದಲ್ಲೇ ಕೂತು ಆ ಸದ್ದು ಕೇಳಿದೆ. ಅಂದು ರಾತ್ರಿ ಅಣ್ಣನ ಮನೆಯಲ್ಲೇ ಮಲಗಿದೆ. ಕಣ್ಣು ತೆರೆದಾಗ ವೈನಿ ಅಂಗಳ ಗುಡಿಸುತ್ತಿದ್ದರು, ಚೆನ್ನಾಗಿ ಬೆಳಗಾಗಿತ್ತು.