ನಾಲ್ಕು ಬೆರಳಿನ ಅನುಮಾನ
ಗಡಹಿಂಗ್ಲಜದಲ್ಲಿ ಟಿವಿ ಅಂಟೆನಾ ಕಟ್ಟುವ ಬಾಳಗೊಂಡನಿಗೆ ತನ್ನ ಅಳತೆ ಟೇಪಿನ ಮೇಲೂ ನಂಬಿಕೆಯಿಲ್ಲ; ಎರಡು ಟೇಪು ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ಅಳೆದು ನೋಡುತ್ತಾನೆ. ಅಂಥವನು ಎಂಬತ್ತೆಂಟನೇ ಇಸವಿಯಲ್ಲಿ ಪ್ರತಿ ರವಿವಾರ ಬಸ್ಸು ಹಿಡಿದು ಗೋಕುಳ ಶಿರಗಾಂವದ ನಮ್ಮ ಅಂಟೆನಾ ಕಾರ್ಖಾನೆಗೆ ಬರತೊಡಗಿದ. ಕಡ್ಡಿಗಳ ಉದ್ದ, ಅಂತರ ಕೊಟ್ಟರೆ ನನ್ನ ಕಂಪ್ಯೂಟರು ಅಂಟೆನಾ ಕಟ್ಟುವ ಮೊದಲೇ ಅದು ಸಿಗ್ನಲ್ ಎಷ್ಟು ಚೆನ್ನಾಗಿ ಹಿಡಿಯುತ್ತದೆಂದು ಲೆಕ್ಕ ಹೇಳುತ್ತದೆ, ಅದನ್ನು ಕಲಿಯಬೇಕಂತೆ. ಕಲಿಯುವುದೆಲ್ಲಿ ಬಂತು, ಅದಕ್ಕೆ ಪಾಟೀಸವಾಲು ಹಾಕುತ್ತಿದ್ದ! ಒಂದೇ ಅಳತೆಯನ್ನು ಮೂರು ರವಿವಾರ ಕೊಟ್ಟು, ಮೂರೂ ಸಲ ಒಂದೇ ಉತ್ತರ ಬಂದರೆ, "ಬಾಯಿಪಾಠ ಮಾಡೈತ್ರಿ ಇದು" ಎನ್ನುತ್ತಿದ್ದ. ಅಂಟೆನಾ ನೆಲದಿಂದ ಎಷ್ಟು ಎತ್ತರ ಎಂದು ಅದು ಕೇಳಿದರೆ, "ನಮ್ಮ ಮನಿ ಎತ್ತರ ಇದಕ್ಯಾಕ ಬೇಕ್ರಿ?" ಎಂದು ಕುರ್ಚಿ ಹಿಂದೆ ಸರಿಸುತ್ತಿದ್ದ. ಕೊನೆಗೊಂದು ರವಿವಾರ ತನ್ನದೇ ಮಾಳಿಗೆಯ ಅಂಟೆನಾದ ಅಳತೆ ತಂದ. ನಾಲ್ಕು ವರ್ಷದಿಂದ ಇವನು ಕೆಳಗೆ ಟಿವಿ ಮುಂದೆ ಕೂತು ಕೂಗುವುದು, ಇವನ ಹೆಂಡತಿ ಶಾಲನ್ ಮಾಳಿಗೆ ಮೇಲೆ ಬಿಸಿಲಲ್ಲಿ ನಿಂತು ಪೈಪು ತಿರುಗಿಸುವುದು ನಡೆದೇ ಇತ್ತು. ಚಿತ್ರ ಮಾತ್ರ ನೆಟ್ಟಗಾಗಿರಲಿಲ್ಲ. ಎಲ್ಲಕ್ಕೂ ಮುಂದಿನ ಕಡ್ಡಿಯನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಬೆರಳು ಗಿಡ್ಡ ಮಾಡುತ್ತ ಹೋದೆವು. ನಾಲ್ಕು ಬೆರಳು ಕಡಿಮೆಯಾದದ್ದೇ ತಡ, ಅಂಕಿ ಮೇಲಕ್ಕೆ ಜಿಗಿಯಿತು. ಬಾಳಗೊಂಡ ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದ: "ಖರೇ ಹೇಳ್ರಿ ಸಾಹೇಬ್ರ. ಮುಂದಿನ ಕಡ್ಡಿ ನಾಕ ಬೆರಳ ಉದ್ದ ಆಗೈತಿ ಅಂತ ನಮ್ಮಾಕಿ ನಾಕ ವರ್ಸದಿಂದ ಮಾಳಗಿ ಮ್ಯಾಲಿಂದ ಒದರಾಕತ್ತಾಳ. ಆಕಿ ಏನರ ಇಲ್ಲಿಗೆ ಬಂದು ಹೋಗ್ಯಾಳೇನು?"