ಯಜ್ಞೇಶ್ವರ ಭಟ್ಟರ ಉಪವಾಸ

ಕುಂಬ್ರದ ಸುತ್ತಮುತ್ತ ಯಾರ ಮನೆಯ ಪಂಕ್ತಿಯಲ್ಲೂ ಮೊದಲ ಎಲೆ ಯಜ್ಞೇಶ್ವರ ಭಟ್ಟರದು. ಚಕ್ಕಳಬಕ್ಕಳ ಕೂತು ತಾವು ಅಪ್ಪಣೆ ಕೊಟ್ಟ ಮೇಲೆಯೇ ಪಾಯಸ ಎರಡನೆಯ ಎಲೆಗೆ ಸಾಗುವುದು ಎಂದು ಅವರು ನಂಬಿದ್ದರು. ಒಮ್ಮೆ ಸೊಂಟನೋವಿನ ಮುದುಕರೊಬ್ಬರು ಬೆಂಚು ಕೇಳಿದಾಗ, "ಎಂತ, ಊಟಕ್ಕೆ ಬಂದದ್ದೊ, ಕಚೇರಿಗೊ?" ಎಂದಿದ್ದರು ಭಟ್ಟರು. ಪಂಕ್ತಿಯಿಡೀ ನಕ್ಕಿತು. ಬೆಂಚಿನ ಮೇಲಿನ ಊಟಕ್ಕೆ 'ಕಚೇರಿ ಊಟ' ಎಂಬ ಹೆಸರೇ ನಿಂತಿತು.

ಅರುವತ್ತೊಂದನೆಯ ವಯಸ್ಸಿನಲ್ಲಿ ಭಟ್ಟರ ಬಲ ಮೊಣಕಾಲೇ ಹಟ ಹಿಡಿಯಿತು. ಎಣ್ಣೆ ತಿಕ್ಕಿಸಿದರು, ಸೊಪ್ಪಿನ ಶಾಖ ಕೊಡಿಸಿದರು. ಕಡೆಗೆ ಮಂಗಳೂರಿನ ಡಾಕ್ಟರು, "ಆಪರೇಷನ್ ಮಾಡಿ ಗಂಟಿನ ಎಲುಬು ಕೂಡಿಸಿದರೆ ನೋವು ಹೋಗ್ತದೆ. ಆದರೆ ಕಾಲು ಮತ್ತೆ ಮಡಚಲಿಕ್ಕಿಲ್ಲ" ಎಂದರು. ನೋವಿನ ಭರದಲ್ಲಿ ಭಟ್ಟರು ಒಪ್ಪಿದರು. ಪ್ಲಾಸ್ಟರು ಬಿಚ್ಚಿದಾಗ ನೋವು ಇರಲಿಲ್ಲ, ಕಾಲು ಒನಕೆಯಾಗಿತ್ತು.

ನೆಲದಲ್ಲಿ ಕೂರಲಾಗದು, ಬೆಂಚು ಕೇಳಲು ಬಾಯಿ ಬಾರದು. ಹಾಗಾಗಿ ಯಾರ ಮನೆಗೆ ಹೋದರೂ, "ನನಗೆ ಇವತ್ತು ಉಪವಾಸ" ಎನ್ನತೊಡಗಿದರು. ಎಂಥ ನಿಷ್ಠೆಯೆಂದು ಜನ ಕೈಮುಗಿದರು. ಮನೆಗೆ ಮರಳಿ, ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಯ ಮೇಲೆ ಕೂತು ಅವರು ಉಣ್ಣುತ್ತಿದ್ದ ಪ್ರಮಾಣ ಹೆಂಡತಿ ವಸುಮತಿಗೆ ಮಾತ್ರ ಗೊತ್ತು.

ಮರುವರ್ಷ ಮಗಳು ದೇವಕಿಯನ್ನು ಇಚಿಲಂಪಾಡಿಗೆ ಕೊಟ್ಟರು. ಬೀಗರಾದ ಮಹೇಶ್ವರ ಭಟ್ಟರು ಮದುವೆಯ ನಂತರದ ಸಮ್ಮಾನದ ಊಟಕ್ಕೆ ಕರೆದರು. ಎಲೆ ಹಾಕಿದ ಮೇಲೆ ನಮ್ಮ ಯಜ್ಞೇಶ್ವರ ಭಟ್ಟರದು ಅದೇ ಮಾತು: "ನನಗೆ ಉಪವಾಸ."

"ದಿನ ನಿಮ್ಮನ್ನು ಕೇಳಿಯೇ ಇಟ್ಟದ್ದಲ್ವಾ ಮಾರಾಯ್ರೆ?" ಬೀಗರ ಮುಖ ಕಪ್ಪಿಟ್ಟಿತು. "ನಮ್ಮ ಮನೆಯ ಅನ್ನ ಆಗ್ಲಿಕ್ಕಿಲ್ವೊ? ಹಾಗಾದ್ರೆ ಮಗಳನ್ನು ಎಂತಕ್ಕೆ ಕೊಟ್ಟದ್ದು?"

ಉಪ್ಪು ಬಡಿಸುತ್ತಿದ್ದ ದೇವಕಿ ಅಲ್ಲೇ ನಿಂತಳು. ಅತ್ತೆ ಅವಳತ್ತ ಬೀರಿದ ನೋಟ ಭಟ್ಟರಿಗೆ ಕಾಣಿಸಿತು. ನಾಳೆಯೂ ಈ ಮನೆಯಲ್ಲಿ ಇರಬೇಕಾದವಳು ಅವಳು.

"ಉಪವಾಸ ಅಲ್ಲ," ಎಂದರು ಭಟ್ಟರು. "ಯಾವತ್ತೂ ಇರಲಿಲ್ಲ. ಕಾಲು ಮಡಚುದಿಲ್ಲ. ಒಂದು... ಬೆಂಚು ಉಂಟೊ?"

"ಅಷ್ಟೇಯೊ! ಮೊದಲೇ ಹೇಳ್ಬಾರದಾ?"

ಬೀಗರು ತಾವೇ ಬೆಂಚು ಹೊತ್ತು ತಂದು, ಗೌರವ ಕಡಿಮೆಯಾಗಬಾರದೆಂದು ಮೊದಲ ಎಲೆಯ ಜಾಗದಲ್ಲೇ ಇಟ್ಟರು. ಎಲೆಗೊಂದು ಸ್ಟೂಲು ಬಂತು. ಚಾಚಿದ ಕಾಲನ್ನು ಬಡಿಸುವವರೆಲ್ಲ ಸುತ್ತಿ ದಾಟಿದರು. ಜೊತೆಗೆ ಬಂದಿದ್ದ ಕುಂಬ್ರದ ನೆಂಟರು ಕೆಳಗಿನಿಂದ ಕತ್ತೆತ್ತಿ ನೋಡಿದರು. 'ಕಚೇರಿ' ಎಂಬ ಮಾತನ್ನು ಒಬ್ಬರೂ ಆಡಲಿಲ್ಲ. ಆಡಿದ್ದರೆ ನಕ್ಕಾದರೂ ಮುಗಿಸಬಹುದಿತ್ತು.

ಪಾಯಸ ಬಂದಾಗ ಭಟ್ಟರು ಎಲೆಗೆ ಕೈ ಅಡ್ಡ ಹಿಡಿದರು.

"ಉಣ್ಣಿ ಅಪ್ಪಯ್ಯ," ಎಂದಳು ದೇವಕಿ, ಅವರಿಗೆ ಮಾತ್ರ ಕೇಳುವ ಹಾಗೆ. "ಅತ್ತೆ ನೋಡ್ತಾ ಇದ್ದಾರೆ."

ಭಟ್ಟರು ಕೈ ತೆಗೆದರು. ಬಡಿಸಿದ್ದನ್ನೆಲ್ಲ ತಲೆಯೆತ್ತದೆ ಉಂಡರು.