ಮೂವರ ಸೀಟಿನಲ್ಲಿ ನಾಲ್ಕನೆಯವರು

ತಮಿಳು ಸೀಮೆಯ, ದ್ರಾಕ್ಷಿ ತೋಟಗಳ ಗೂಡಲೂರಿನಲ್ಲಿ ದಿಂಡಿಗಲ್ ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಗಳಿಂದ ಟವೆಲು ಎಸೆದು ಸೀಟು ಹಿಡಿಯತೊಡಗಿದರು. ಒಬ್ಬ ಯುವಕ ಮಾತ್ರ ಮಂಡಿನೋವಿನ ತಾಯಿಯೊಡನೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದ. ಇಬ್ಬರ ಮಾತೂ ಕನ್ನಡ; ತಲೆಮಾರುಗಳಿಂದ ಇಲ್ಲೇ ಇರುವ ರೈತರು.

"ನೀನೂ ಟವೆಲ್ ಎಸಿಯಪ್ಪಾ!" ಎಂದೆ.

"ಮಂಗೋಲಿಯಾದ ಗಣೀಲಿದ್ದು ಹೋದ್ ವಾರ ಬಂದೀನಿ ಅಣ್ಣಾ. ಆ ದೇಶದಾಗೆ ದಿನವೆಲ್ಲಾ ಹೋದ್ರೂ ಕುದುರೆ ಕಾಣ್ತವೆ, ಆಳು ಕಾಣಲ್ಲ. ಸೀಟು ಹಿಡಿಯಾದೇ ಮರ್ತೋಯ್ತು."

"ಸೀಟು ಹೋಗ್ಲಿ, ಆಳಿಲ್ಲದ ದೇಶದಲ್ಲಿ ಚೌಕಾಸಿ ಯಾರ ಹತ್ರ ಮಾಡ್ತಿದ್ದೆ?"

"ಅದೇ ಸಾಮಿ," ತಾಯಿ ನಕ್ಕರು, "ಬಂದಾಗಿಂದ ಸಂತೇಲಿ ಕೇಳ್ದಷ್ಟು ಕೊಟ್ಟು ಬರ್ತಾನೆ!"

ಬುದ್ಧಿ ಹೇಳುತ್ತಾ ನನ್ನ ಸೀಟೂ ಹೋಯಿತು. ನಾನು ನಿಂತೇನು, ಮಂಡಿನೋವಿನ ಆ ತಾಯಿಗೆ ದಿಂಡಿಗಲ್‌ವರೆಗೆ ನಿಲ್ಲಲಾಗದು. ಬಸ್ಸಿನೊಳಗೆ ಮೂವರು ಹೆಂಗಸರು ಕೂತಿದ್ದ ಸೀಟಿನೆದುರು ಮಗ "ದಿಂಡಿಗಲ್..." ಎಂದು ಬಾಯಿ ತೆರೆದ. ನಾನು ಅವನನ್ನು ತಡೆದು, ನನ್ನ ಹರಕು ತಮಿಳಿನಲ್ಲಿ, ಚಿನ್ನಮನೂರಿನವರೆಗೆ ಮಾತ್ರ ಸ್ವಲ್ಪ ಸರಿಯಿರಿ ಎಂದೆ. ಜಾಗ ಕೇಳುವಾಗ ಯಾವತ್ತೂ ಹತ್ತಿರದ ಊರಿನ ಹೆಸರನ್ನೇ ಹೇಳಬೇಕು. ಹೆಂಗಸರು ಗೊಣಗುತ್ತಲೇ ಸರಿದರು; ತಾಯಿ ತುದಿಯಲ್ಲಿ ಕೂತರು.

ಚಿನ್ನಮನೂರು ಬಂದಾಗ ತಾಯಿ ಪಕ್ಕದಾಕೆಯ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದರು. ಆಕೆ ಎಬ್ಬಿಸಲಿಲ್ಲ. ತನ್ನ ಮಡಿಲಲ್ಲಿದ್ದ ದ್ರಾಕ್ಷಿ ಬುಟ್ಟಿಯನ್ನು ಎತ್ತಿ ನನ್ನ ಕೈಗಿಟ್ಟು ತಮಿಳಿನಲ್ಲೇ ಹೇಳಿದಳು: "ದಿಂಡಿಗಲ್‌ವರೆಗೆ ಇದನ್ನ ನೀವು ಹಿಡ್ಕೊಳ್ಳಿ."